ಹುರಿದ ನುಚ್ಚಿನ ಗಿರಾಕಿಗಳು

ಆ ವರ್ಷ ನನ್ನ ಕೆಲಸದ ದಿನ ಅಡುಗೆಯಿಂದ ಶುರುವಾಗುತ್ತಿತ್ತು. ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಪ್ರಯೋಗಾಲಯ, ಅದರ ಮೂಲೆಯಲ್ಲಿ ಒಂದು ಕರೆಂಟಿನ ಒಲೆ, ಅದರ ಮೇಲೆ ಕಿವಿ ಮುರಿದ ಬಾಣಲೆ. ಶೇಂಗಾ ಎಣ್ಣೆ ಕಾಯಿಸಿ, ನುಚ್ಚಕ್ಕಿ ಸುರಿದು, ಘಮ ಎದ್ದ ಕೂಡಲೇ, ಕೆಂಪಾಗುವ ಮೊದಲೇ ಇಳಿಸಬೇಕು. ಎಂ.ಎಸ್ಸಿ. ಓದಿ ಇಲಿಗಳಿಗೆ ಅಡುಗೆ ಮಾಡಿ ಹಾಕುತ್ತಾಳೆಂದು ಮನೆಯಲ್ಲಿ ಎಲ್ಲರೂ ಚುಡಾಯಿಸುತ್ತಿದ್ದರು. ಸಂಜೆ ಕೂಕಟ್‌ಪಲ್ಲಿಯ ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ಹುರಿದ ಘಮಕ್ಕೆ ನನ್ನ ಚೀಲದ ಕಡೆಗೇ ನೋಡುತ್ತಿದ್ದರು. ತಿಂಡಿಯೇನಾದರೂ ಇದ್ದೀತೆಂಬ ಆಸೆ ಅವರಿಗೆ.

ನುಚ್ಚಿನ ಈ ಪಾಕ ನಮ್ಮ ಮುಖ್ಯಸ್ಥರದು. ಅವರು ಧಾರವಾಡದ ಕಡೆಯವರು. ಇಲಿಗಳ ಹಿಂದೆಯೇ ಜೀವಮಾನ ಕಳೆದು ನಿವೃತ್ತಿಯ ಅಂಚಿಗೆ ಬಂದಿದ್ದರು. ಆಂಧ್ರದಲ್ಲಿ ಆಗತಾನೆ ತಾಲ್ಲೂಕುಗಳನ್ನು ಒಡೆದು ಮಂಡಲಗಳನ್ನು ಮಾಡಿದ್ದರು. ಶಂಶಾಬಾದಿನ ಸುತ್ತ ಕೆರೆಗಳ ಕೆಳಗೆ ಇನ್ನೂ ಭತ್ತದ ಗದ್ದೆಗಳಿದ್ದವು. ಭತ್ತದ ಕಾಂಡ ಕೊರೆಯುವ ಹುಳಕ್ಕೆ ರೈತರು ಗುಳಿಗೆ ಹಾಕುತ್ತಿದ್ದರು. ಸಾಸಿವೆ ಕಾಳಿನಂಥ ವಿಷದ ಹರಳುಗಳು ಅವು. ಮರಳಿನಲ್ಲಿ ಬೆರೆಸಿ, ನಿಂತ ನೀರಿಗೆ ಕೈಯಿಂದ ಎರಚುತ್ತಿದ್ದರು. ಬದುವಿನ ಬಿಲಗಳಲ್ಲಿರುವ ಸಣ್ಣ ಪ್ರಾಣಿಗಳ ಗತಿ ಏನಾಗುತ್ತದೆ ಎಂದು ಆವರೆಗೆ ಯಾರೂ ಕೇಳಿರಲಿಲ್ಲ. ಮುಖ್ಯಸ್ಥರು ಕೇಳಿದ್ದರು. ಪ್ರತಿ ಹಂಗಾಮಿಗೆ ರೈತರಿಗಾಗಿ ಒಂದು ಶಿಫಾರಸು ಪುಸ್ತಿಕೆ ಅಚ್ಚಾಗುತ್ತಿತ್ತು. ಬದುವಿನ ಪಕ್ಕ ಒಂದು ಪಟ್ಟಿ ಬಿಟ್ಟು ಗುಳಿಗೆ ಹಾಕಿ ಎಂಬ ಒಂದೇ ಸಾಲು ಆ ಪುಸ್ತಿಕೆಯಲ್ಲಿ ಸೇರಬೇಕು ಎಂಬುದು ಅವರ ಆಸೆ. ಸೇರಿಸುವ ಸಭೆ ಸುಗ್ಗಿಯ ನಂತರ. ಅವರು ಮನೆಗೆ ಹೋಗುವ ಮುಂಚಿನ ಕೊನೆಯ ಸಭೆ ಅದು.

‘ಒಂದು ಸಾಲವ್ವಾ. ಅಷ್ಟು ಮಾಡಿ ಹೊಂಟ್ರ ನನಗ ಸಾಕು,’ ಎನ್ನುತ್ತಿದ್ದರು.

ಎರಡು ಗದ್ದೆ ಹಿಡಿದೆವು. ಒಂದು ಗುಳಿಗೆ ಹಾಕುವ ಗದ್ದೆ. ಇನ್ನೊಂದು ಪಕ್ಕದ ಊರಿನ ಸೀಮೆಯಲ್ಲಿ, ಬಾವಿ ನೀರಿನ, ಗುಳಿಗೆ ಹಾಕದ ಗದ್ದೆ. ಎರಡರ ಬದುಗಳ ಮೇಲೂ ಅಳತೆ ಮಾಡಿ ಬಿದಿರಿನ ಗೂಟ ಹೊಡೆದು, ಒಂದೊಂದು ಗೂಟದ ಬುಡಕ್ಕೆ ಒಂದೊಂದು ತಂತಿ ಬೋನು. ಮೊದಲೆರಡು ಸಂಜೆ ಬೋನಿನ ಬಾಗಿಲನ್ನು ಎತ್ತಿ ಕಟ್ಟಿಬಿಡುತ್ತಿದ್ದೆವು. ಇಲಿ ಬರಲಿ, ತಿನ್ನಲಿ, ಹೋಗಲಿ. ಹೊಸ ವಸ್ತು ಕಂಡರೆ ದೂರ ನಿಲ್ಲುವ ಪ್ರಾಣಿ ಅದು, ಸಲಿಗೆ ಬೆಳೆಯಬೇಕು. ಮೂರನೆಯ ಸಂಜೆ ಬಾಗಿಲ ಕಟ್ಟು ಬಿಚ್ಚುತ್ತಿದ್ದೆವು. ಬೆಳಗ್ಗೆ ಬಿಸಿಲೇರುವ ಮೊದಲು ಒಂದೊಂದೇ ಬೋನನ್ನು ಬಟ್ಟೆಯ ಚೀಲಕ್ಕೆ ಬಗ್ಗಿಸಿ, ತೂಕ ನೋಡಿ, ಗಂಡೋ ಹೆಣ್ಣೋ ಬರೆದು, ಗುರುತು ಹಾಕಿ, ಸಿಕ್ಕ ಗೂಟದ ಹತ್ತಿರವೇ ಬಿಡಬೇಕು. ಗುರುತೆಂದರೆ ಕಾಲಿನ ಬೆರಳ ತುದಿ ಕತ್ತರಿಸುವುದು. ಯಾವ ಕಾಲು, ಯಾವ ಬೆರಳು ಎಂಬುದರಿಂದ ಆ ಇಲಿಯ ಸಂಖ್ಯೆ ತಿಳಿಯುತ್ತದೆ. ಆಗ ಎಲ್ಲ ಕಡೆಯೂ ಇದೇ ಪದ್ಧತಿ. ನನಗೆ ಅದು ಕೊನೆಯವರೆಗೂ ರೂಢಿಯಾಗಲಿಲ್ಲ. ಬೆನ್ನು ಕಂದು, ಹೊಟ್ಟೆ ಬಿಳಿ, ಇಡೀ ಜೀವ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಅದರ ಬೆರಳಿಗೆ ಕತ್ತರಿ ಇಡುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ.

ತೊಂದರೆಗಳಿಗೆ ಬರವಿರಲಿಲ್ಲ. ಮೊದಲ ತಿಂಗಳು ಬೋನಿನಲ್ಲಿ ಸಿಕ್ಕ ಇಲಿಗಳನ್ನು ಬೆಳಗಾಗುವುದರೊಳಗೆ ಕೆಂಜಿರುವೆಗಳು ಮುತ್ತಿ ತಿಂದು ಹಾಕಿದವು. ಬೋನಿನ ಸುತ್ತ ಬೂದಿ ಹಾಕಿ ಅವನ್ನು ತಡೆದೆವು. ಆಮೇಲೆ ಬೋನುಗಳೇ ಮಾಯವಾಗತೊಡಗಿದವು. ಹುಡುಕಿದರೆ ಊರಿನವರ ಅಡುಗೆಮನೆಗಳಲ್ಲಿ, ಅಟ್ಟದ ಮೇಲೆ. ಮನೆ ಇಲಿ ಹಿಡಿಯಲು ಒಳ್ಳೆಯ ಬೋನು ಸರ್ಕಾರದವರೇ ತಂದಿಟ್ಟಿದ್ದಾರೆಂದು ಜನ ತಿಳಿದಿದ್ದರು. ಮುಖ್ಯಸ್ಥರು ಸಿಟ್ಟಾಗದೆ ಮನೆಮನೆಗೆ ಹೋಗಿ, ಚಹಾ ಕುಡಿದು, ಬೋನು ಇಸಿದುಕೊಂಡು ಬಂದರು.

ಗುಳಿಗೆ ಗದ್ದೆಯ ಒಡತಿ ನಾರಾಯಣಖೇಡದ ಕಡೆಯಿಂದ ಮದುವೆಯಾಗಿ ಬಂದವಳು. ಮನೆಮಾತು ಕನ್ನಡ. ಗಂಡ ಲಾರಿ ಓಡಿಸುತ್ತಿದ್ದುದರಿಂದ ಬೇಸಾಯವೆಲ್ಲ ಆಕೆಯದೇ. ನಾನು ದೊಡ್ಡವ್ವ ಎನ್ನುತ್ತಿದ್ದೆ. ಬೋನು ಇಡುವ ದಿನಗಳಲ್ಲಿ ಮುಖ್ಯಸ್ಥರೂ ಜೀಪಿನ ಡ್ರೈವರೂ ಪಂಚಾಯತಿ ಕೋಣೆಯಲ್ಲಿ ಮಲಗಿದರೆ ನಾನು ಆಕೆಯ ಮನೆಯಲ್ಲಿ. ಸುತ್ತ ಎಲ್ಲರೊಂದಿಗೆ ತೆಲುಗು ಆಡಿ ಆಡಿ ಆಕೆಗೆ ನನ್ನ ಜೊತೆ ಕನ್ನಡ ಮಾತಾಡುವುದೆಂದರೆ ಹಬ್ಬ.

‘ಇಲಿಗಿ ಊಟ ಹಾಕಿ ಎಣಸ್ತೀರಿ, ಮತ್ತ ಬಿಡ್ತೀರಿ. ಇದೆಂಥ ನೌಕರಿ ಅದಾ ಯವ್ವಾ ನಿಮ್ದು?’ ಎಂದು ನಗುತ್ತಿದ್ದಳು.

ತಿಂಗಳಿಗೊಂದು ಸುತ್ತು ಬೋನು. ನಡುವಿನ ದಿನಗಳಲ್ಲಿ ಇಲಿಗಳಿಗೆ ಅಭ್ಯಾಸ ತಪ್ಪಬಾರದೆಂದು ಮುಖ್ಯಸ್ಥರು ಆಕೆಯ ಬಳಿ ಒಂದು ಡಬ್ಬಿ ನುಚ್ಚು ಕೊಟ್ಟಿರುತ್ತಿದ್ದರು. ಎರಡು ದಿನಕ್ಕೊಮ್ಮೆ ಸಂಜೆ ಗೂಟದ ಬುಡಕ್ಕೆ ಒಂದೊಂದು ಚಿಟಿಕೆ ಹಾಕುವುದು ಆಕೆಯ ಕೆಲಸ. ಬಾವಿ ಗದ್ದೆಯಲ್ಲಿ ಅಲ್ಲಿನ ರೈತ ಹಾಗೆಯೇ ಮಾಡುತ್ತಿದ್ದ. ಎರಡು ಕಡೆಯೂ ಒಂದೇ ರೀತಿ ನಡೆಯಬೇಕಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಇಲಿಗಳು ಪೂರ್ತಿ ಸಲಿಗೆಯವಾಗಿದ್ದವು, ಬಾಗಿಲು ಎತ್ತಿ ಕಟ್ಟುವ ಮೊದಲೆರಡು ಸಂಜೆಯನ್ನೂ ಕೈಬಿಟ್ಟಿದ್ದೆವು. ಕೆಲವು ಪ್ರತಿದಿನ ಅದೇ ಬೋನಿಗೆ ಬರುತ್ತಿದ್ದವು. ಬೆಳಗ್ಗೆ ನೋಡಿದರೆ ನುಚ್ಚೆಲ್ಲ ಮುಗಿಸಿ, ಮುಂಗಾಲಿನಿಂದ ಮೀಸೆ ಒರೆಸಿಕೊಳ್ಳುತ್ತ ಕೂತಿರುತ್ತಿದ್ದವು. ಬಾಗಿಲು ತೆರೆದರೂ ಓಡುವ ಅವಸರವಿಲ್ಲ.

‘ಇವು ನಮ್ಮ ಖಾನಾವಳಿ ಗಿರಾಕಿಗೋಳು. ತಿಂಗಳ ಲೆಕ್ಕ ಬರಸ್ಯಾವ,’ ಎಂದು ಮುಖ್ಯಸ್ಥರು ನಶ್ಯ ಏರಿಸುತ್ತ ಹೇಳುತ್ತಿದ್ದರು. ಬಲಗಿವಿ ಹರಿದ ಒಂದು ಹೆಣ್ಣಿಲಿಯನ್ನಂತೂ ಅವರು ಹೆಗಲ ಮೇಲೆ ಕೂರಿಸಿಕೊಂಡು ಬದು ದಾಟುತ್ತಿದ್ದರು. ಇಲಿ ಕೊಲ್ಲುವ ವಿದ್ಯೆಯಲ್ಲಿ ಹೆಸರು ಮಾಡಿದವರು ಎಂದರೆ ಯಾರೂ ನಂಬುತ್ತಿರಲಿಲ್ಲ. ಹುರಿದ ನುಚ್ಚಿನ ಪಾಕವನ್ನು ಅವರು ಕಂಡುಹಿಡಿದದ್ದೇ ವಿಷ ಬೆರೆಸುವುದಕ್ಕಾಗಿ. ರಾಜ್ಯದ ಇಲಿ ನಿಯಂತ್ರಣ ಆಂದೋಲನದಲ್ಲಿ ಎಷ್ಟೋ ವರ್ಷದಿಂದ ಅದೇ ಪಾಕ ನಡೆಯುತ್ತಿತ್ತು. ಇಷ್ಟು ರುಚಿ ಹಿಡಿಸುವ ತಿನಿಸು ಬೇರೆ ಇಲ್ಲವೆಂದು ನಮ್ಮ ಬೋನುಗಳಿಗೂ ಅವರು ಅದನ್ನೇ ಇಡಿಸಿದ್ದರು.

ಭತ್ತ ಹೊಡೆ ಕಟ್ಟುವ ಮೊದಲು ದೊಡ್ಡವ್ವ ಗುಳಿಗೆ ಎರಚಿದಳು. ಮರುದಿನ ಬದುವಿನ ಉದ್ದಕ್ಕೂ ಏಡಿಗಳು ಬೋರಲು ಬಿದ್ದಿದ್ದವು. ಕಪ್ಪೆಗಳು ಕಾಲು ಚಾಚಿ ತೇಲುತ್ತಿದ್ದವು. ನಾಲ್ಕೈದು ಕೊಕ್ಕರೆ ಬಂದು ಕೂತವು, ಅವನ್ನು ಓಡಿಸಿದೆವು. ಬದುವಿನ ಹುಲ್ಲಿನಲ್ಲಿ ಒಂದು ಸುಂಡಿಲಿ ಗಿರಗಿರ ತಿರುಗುತ್ತಿತ್ತು. ಸುಂಡಿಲಿ ಹೆಸರಿಗೆ ಮಾತ್ರ ಇಲಿ. ಉದ್ದ ಮೂತಿ, ಹುಳುಹುಪ್ಪಟೆ ತಿಂದು ಬದುಕುವ ಜೀವ, ಕಾಳು ಮುಟ್ಟುವುದಿಲ್ಲ. ಕೈಗೆತ್ತಿಕೊಂಡೆ. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ನಡುಗುತ್ತಿತ್ತು. ಆ ನಡುಕ ನನ್ನ ಅಂಗೈಯಲ್ಲಿ ನಿಂತಾಗ ನನಗೆ ಅಳು ಬಂತು. ದೊಡ್ಡವ್ವ ಹತ್ತಿರ ಬಂದು ನೋಡಿದಳು.

‘ಹುಳಕ್ಕ ಹಾಕಿದ್ದು ಇದಕ್ಕ ಬಡೀತು ನೋಡು. ಹಾಕ್ಲಿಲ್ಲಂದ್ರ ನನ ಭತ್ತ ಉಳಿಯಂಗಿಲ್ಲ. ನಾ ಏನ್ ಮಾಡ್ಲಿ?’ ಎಂದಳು.

ಆ ಸುತ್ತಿನಲ್ಲಿ ಸುಂಡಿಲಿಗಳು ಬಹಳ ಕಡಿಮೆಯಾದದ್ದು ಕಂಡಿತು. ಆದರೆ ಅವು ಮೊದಲಿನಿಂದಲೂ ಬೋನಿಗೆ ಅಪರೂಪಕ್ಕೆ ಬೀಳುವವು, ಲೆಕ್ಕಕ್ಕೆ ಸಾಲುವುದಿಲ್ಲ. ಗದ್ದೆಯಿಲಿಗಳು ಸ್ವಲ್ಪ ತಗ್ಗಿದ್ದವು, ಅಷ್ಟೇ. ಮುಂದಿನ ಸುತ್ತು ನೋಡೋಣ ಎಂದರು ಮುಖ್ಯಸ್ಥರು. ದಸರೆಗೆ ನಾನು ಗುಲ್ಬರ್ಗಕ್ಕೆ ಅಕ್ಕನ ಮನೆಗೆ ಹೋಗಿ ಬಂದೆ.

ಹಿಂತಿರುಗಿ ಬೋನು ಹೂಡಿದ ಮೊದಲ ಬೆಳಗ್ಗೆ ಗುಳಿಗೆ ಗದ್ದೆಯ ಮೊದಲ ಬೋನು ಖಾಲಿ. ಎರಡನೆಯದು ಖಾಲಿ. ನುಚ್ಚು ಹಾಕಿದ ಹಾಗೆಯೇ ಇದೆ, ಬೋನಿನ ಬಾಗಿಲು ತೆರೆದೇ ಇದೆ. ಬದುವಿನ ಕೊನೆಯ ಬೋನಿನವರೆಗೂ ಹಾಗೆಯೇ. ಮರುದಿನವೂ ಹಾಗೆಯೇ. ಜೀಪು ಹತ್ತಿ ಬಾವಿ ಗದ್ದೆಗೆ ಓಡಿದೆವು. ಅಲ್ಲಿ ಬೋನುಗಳು ಎಂದಿನಂತೆ ತುಂಬಿದ್ದವು.

ಮುಖ್ಯಸ್ಥರು ಬದುವಿನ ಮೇಲೆ ಕುಕ್ಕರಿಸಿದರು. ಎರಡೂ ಕೈಯಿಂದ ಮುಖ ಒರೆಸಿಕೊಂಡರು.

‘ಸಿಕ್ಕಿತವ್ವಾ ಸಾಲು. ಇದಕ್ಕಿಂತ ಸ್ಪಷ್ಟ ಇನ್ನೇನು ಬೇಕು? ಗುಳಿಗಿ ಹಾಕಿದಲ್ಲೆ ಒಂದೂ ಇಲ್ಲ, ಹಾಕದಲ್ಲೆ ಎಲ್ಲಾ ಅದಾವ.’ ಸ್ವಲ್ಪ ಹೊತ್ತಿನ ಮೇಲೆ, ‘ಖುಷಿ ಪಡಬೇಕೋ ಬ್ಯಾಡೋ ತಿಳೀವಲ್ದು,’ ಎಂದರು.

ನನಗೂ ಹಾಗೆಯೇ ಆಗಿತ್ತು. ಹರಿದ ಕಿವಿಯ ಆ ಹೆಣ್ಣು ಎಲ್ಲಿ ಹೋಯಿತೆಂದು ಬಿಲ ಹುಡುಕುತ್ತ ಹೊರಟೆ. ಡ್ರೈವರು ಸಲಿಕೆ ತಂದ. ಬದು ಅಗೆದಾಗ ಒಂದೊಂದು ಬಿಲದಲ್ಲೂ ಎರಡು, ಮೂರು, ಮುದುಡಿಕೊಂಡು ಬಿದ್ದಿದ್ದವು. ಎಲ್ಲವೂ ನಮ್ಮ ಗುರುತಿನವು. ಹರಿದ ಕಿವಿಯದೂ ಅಲ್ಲೇ ಇತ್ತು, ಹೊಟ್ಟೆಯ ಅಡಿಯಲ್ಲಿ ಕಣ್ಣು ತೆರೆಯದ ಮರಿಗಳೊಂದಿಗೆ. ಗುಳಿಗೆ ಹಾಕಿ ಅಷ್ಟು ದಿನವಾದ ಮೇಲೆ ಇವು ಈಚೆಗೆ ಸತ್ತಂತೆ ಕಂಡವು. ಆ ಅನುಮಾನ ಮುಖ್ಯಸ್ಥರಿಗೂ ಬಂದಿತ್ತು ಎಂದು ಕಾಣುತ್ತದೆ. ಕೆಲವನ್ನು ಕ್ಯಾಂಪಸ್ಸಿಗೆ ಒಯ್ಯೋಣ ಎಂದರು.

ಮೇಜಿನ ಮೇಲೆ ಮೊದಲನೆಯದರ ಹೊಟ್ಟೆ ತೆರೆದೆ. ಕೂಡಲೇ ಮೂಗಿಗೆ ಹೊಡೆಯಿತು.

‘ಸರ್, ಬೆಳ್ಳುಳ್ಳಿ ವಾಸನಿ ಬರಾಕತ್ತೈತ್ರಿ.’

ಅವರು ತಟ್ಟೆಯ ಮೇಲೆ ಬಗ್ಗಿದರು. ಕಾಲೇಜಿನಿಂದಲೂ ನಶ್ಯ ಸೇದಿದ ಮೂಗು ಅದು. ‘ನನಗೇನೂ ತಿಳೀವಲ್ದು. ಮುಂಜಾನೆ ಒಗ್ಗರಣಿ ಮಾಡಿ ಬಂದೀಯೇನು?’

‘ನಮ್ಮ ಮನ್ಯಾಗ ಬೆಳ್ಳುಳ್ಳಿ ತರೂದs ಇಲ್ರಿ.’

ಅವರು ತಟ್ಟೆಯಿಂದ ಮೂಗು ಎತ್ತಿದರು. ಗುಳಿಗೆಗೆ ಆ ವಾಸನೆಯಿಲ್ಲ. ಬೆಳ್ಳುಳ್ಳಿಯಂತೆ ನಾರುವುದು ಜಿಂಕ್ ಫಾಸ್ಫೈಡ್, ಇಲಿಗೆಂದೇ ಮಾಡಿದ ಕರಿ ಪುಡಿ. ಇದು ನಮ್ಮಿಬ್ಬರಿಗೂ ಗೊತ್ತು. ‘ಮೂಗಿನ ಮ್ಯಾಲೆ ಹೋಗೂದು ಬ್ಯಾಡ. ಕಾಗದಾ ಹಾಕಿ ನೋಡು,’ ಎಂದರು ಕೊನೆಗೆ.

ಹೊಟ್ಟೆಯಲ್ಲಿದ್ದುದನ್ನು ಸೀಸೆಗೆ ಹಾಕಿ, ಆಮ್ಲ ಬಿಟ್ಟು, ಬಾಯಿಗೆ ಎರಡು ಕಾಗದದ ಪಟ್ಟಿ ತೂಗಬಿಟ್ಟೆ. ಒಂದನ್ನು ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿದ್ದೆ, ಇನ್ನೊಂದನ್ನು ಲೆಡ್ ಅಸಿಟೇಟಿನಲ್ಲಿ. ಬರೀ ಕೊಳೆತ ಹೊಟ್ಟೆಯ ಗಾಳಿಯಾದರೆ ಎರಡೂ ಕಪ್ಪಾಗುತ್ತವೆ. ಇಲಿ ವಿಷವಾದರೆ ಮೊದಲನೆಯದು ಮಾತ್ರ. ಎರಡೂ ಕಪ್ಪಾಗಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮೊದಲನೆಯ ಪಟ್ಟಿ ಅಂಚಿನಿಂದ ಕಪ್ಪಾಗುತ್ತ ಬಂತು. ಎರಡನೆಯದು ಬೆಳ್ಳಗೆ ತೂಗುತ್ತಲೇ ಇತ್ತು. ಉಳಿದ ಇಲಿಗಳಿಗೂ ಅದೇ ಆಯಿತು. ಮುಖ್ಯಸ್ಥರು ಒಂದೊಂದು ಪಟ್ಟಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಮೇಜಿನ ಮೇಲೆ ಇಟ್ಟರು.

ಮರುದಿನ ದೊಡ್ಡವ್ವನ ಮನೆಗೆ ಹೋದೆವು. ನಾನು ಕೇಳುವ ಮೊದಲೇ ಆಕೆಯೇ ಹೇಳಿದಳು.

‘ನೀವು ಊರಿಗಿ ಹೋದಾಗ ನಿಮ್ ಮಂದಿ ಬಂದಿದ್ರಲ್ಲಾ. ಬಕೀಟ್ ತುಂಬ ನುಚ್ಚು ತಂದಿದ್ರು.’

‘ಯಾವ ಮಂದಿ ದೊಡ್ಡವ್ವಾ?’

‘ಮಂಡಲದಿಂದ ಬಂದೀವಿ ಅಂದ್ರು. ಮದಲು ಎರಡ್ ದಿನ ಬರೀ ನುಚ್ಚು ಹಾಕಿದ್ರು, ನೀವು ಹಾಕ್ತೀರಲ್ಲ ಹಂಗೇ. ವಾಸ್ನಿನೂ ಅದೇ. ನೀವೇ ಕಳ್ಸೀರಿ ಅಂತ ತಿಳ್ಕೊಂಡ್ನಿ. ಅವ್ರಿಗಿ ಬಿಲ ಎಲ್ಲೆಲ್ಲಿ ಅವ ತಿಳೀಲಿಲ್ಲ. ನಿಮ್ ಗೂಟ ಎಲ್ಲಾ ನಾನೇ ತೋರಿಸ್ಕೊತ ಹೋದ್ನಿ.’ ನಮ್ಮಿಬ್ಬರ ಮುಖ ನೋಡಿ ಆಕೆಯ ದನಿ ಇಳಿಯಿತು. ‘ಮೂರನೇ ದಿನ ನಾ ಕಳೆ ತೆಗಿಲಿಕ್ಕಿ ಹೋಗಿದ್ದಿ. ಬಂದು ನೋಡ್ತೀನಿ, ನುಚ್ಚು ಕರ್ರಗ ಅದಾ. ಏನರೆ ತಪ್ಪಾಯ್ತೇನ್ರಿ ಸಾಹೇಬ್ರೆ?’

ಬಂದವರು ಇಲಿ ನಿಯಂತ್ರಣ ಆಂದೋಲನದವರು, ಮಾಡಿದ್ದು ತಮ್ಮ ಕೆಲಸ. ಊರಿನ ಇಲಿಗಳಿಗೆ ಊರಿಡೀ ಒಟ್ಟಿಗೆ ವಿಷ ಇಡಬೇಕು, ಮೊದಲು ಸಲಿಗೆ, ಆಮೇಲೆ ಪುಡಿ. ಆ ಕ್ರಮವನ್ನೂ ಹಿಂದೆ ಬರೆದುಕೊಟ್ಟವರು ಮುಖ್ಯಸ್ಥರೇ. ಆಂದೋಲನದ ಸರದಿ ಬಾವಿ ಗದ್ದೆಯ ಊರಿಗೆ ಇನ್ನೂ ಬಂದಿರಲಿಲ್ಲ. ಬೇರೆಯವರ ಹೊಲದ ಇಲಿಗಳು ಎರಡು ದಿನ ಮೂಸಿ ನೋಡಿ, ಹಿಂಜರಿದು, ಕೆಲವಾದರೂ ತಪ್ಪಿಸಿಕೊಂಡಿರಬಹುದು. ನಮ್ಮವಕ್ಕೆ ಮೂಸಿ ನೋಡಬೇಕೆಂಬುದೇ ಮರೆತುಹೋಗಿತ್ತು. ಮಳೆಗಾಲ ಪೂರ್ತಿ ನಾವು ಅವಕ್ಕೆ ಕಲಿಸಿದ್ದು ಅದೊಂದನ್ನೇ.

ಮುಖ್ಯಸ್ಥರು ಚಹಾದ ಲೋಟ ಕೆಳಗಿಟ್ಟರು. ‘ನಿಂದೇನೂ ತಪ್ಪಿಲ್ಲವ್ವಾ. ನಾ ಏನು ಹೇಳಿದ್ದೆ ಅದನ್ನs ಮಾಡಿದಿ. ಆ ನುಚ್ಚು ನಂದು,’ ಎಂದರು.

ಜೀಪಿನಲ್ಲಿ ಅವರು ಹೊರಗೆ ನೋಡುತ್ತ ಕೂತಿದ್ದರು. ಕಾಗದದ ಪಟ್ಟಿಗಳ ವಿಷಯ ಕ್ಯಾಂಪಸ್ಸಿನಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ತಿಳಿದಿರಲಿಲ್ಲ. ಗುಳಿಗೆ ಗದ್ದೆ ಖಾಲಿಯಾಗಿದೆ ಎಂಬ ಸುದ್ದಿ ಮಾತ್ರ ಆಗಲೇ ಮೇಲಿನವರೆಗೆ ಮುಟ್ಟಿತ್ತು. ಸಭೆಗೆ ಅದನ್ನು ತನ್ನಿ ಎಂದು ಹೇಳಿಯೂ ಕಳಿಸಿದ್ದರು. ನಾನೇ ಬಾಯಿ ಬಿಟ್ಟೆ.

‘ಸರ್, ಗುಳಿಗಿಯಿಂದ ಸುಂಡಿಲಿ ಸತ್ತದ್ದು ಖರೇನs ಅಲ್ರಿ? ನನ್ನ ಕೈಯಾಗs ಸತ್ತೈತಿ. ಆ ಸಾಲು ಸುಳ್ಳೇನಲ್ಲಲ್ರಿ.’

‘ಸಾಲು ಖರೆ ಐತಿ. ಅದಕ್ಕ ನಾವು ಕೊಡೂ ಪುರಾವೆ ಸುಳ್ಳಾಗತೈತಿ.’ ಅವರು ಹೊರಗೆ ನೋಡುತ್ತಲೇ ಇದ್ದರು. ‘ಈ ಇಲಿಗೋಳನ್ನ ಗುಳಿಗಿ ಕೊಂದಿಲ್ಲವ್ವಾ. ಕೊಂದದ್ದು ನಮ್ಮ ಉಪಚಾರ. ಅವುಗಳ ಹೆಣಾ ತೋರಿಸಿ ನಾ ಏನೂ ಗೆಲ್ಲೂದಿಲ್ಲ.’

ನನಗೆ ಸಂಕಟಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಇಷ್ಟು ನೇರವಾಗಿರುವುದರಿಂದ ಯಾರಿಗೆ ಏನು ಸಿಕ್ಕಿತು ಎಂದು ಕೇಳಬೇಕೆನ್ನಿಸಿತು. ಅವರ ಕೈ ಜೇಬಿನಲ್ಲಿ ನಶ್ಯದ ಡಬ್ಬಿ ಹುಡುಕುತ್ತಿತ್ತು. ಸಿಕ್ಕ ಮೇಲೆ ಅದನ್ನು ತೆರೆಯದೆ ಹಾಗೆಯೇ ಹಿಡಿದುಕೊಂಡರು.

ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮುಖ್ಯಸ್ಥರು ಎದ್ದು, ಗುಳಿಗೆ ಗದ್ದೆಯ ಕೊನೆಯ ಸುತ್ತಿನ ಲೆಕ್ಕವನ್ನು ಪರಿಗಣಿಸಬಾರದು, ಅಲ್ಲಿ ಇಲಿ ವಿಷ ಬಿದ್ದಿದೆ ಎಂದು ಮೊದಲೇ ಹೇಳಿಬಿಟ್ಟರು. ಆಮೇಲೆ ಸುಂಡಿಲಿ, ಏಡಿ, ಕಪ್ಪೆಗಳ ಬಗ್ಗೆ ತಾವು ಕಂಡದ್ದನ್ನು ಹೇಳಿದರು. ಎಷ್ಟು ಸುಂಡಿಲಿ ಎಂದು ಯಾರೋ ಕೇಳಿದರು. ಅವರು ಇದ್ದ ಸಂಖ್ಯೆ ಹೇಳಿದರು. ಒಬ್ಬಿಬ್ಬರು ನಕ್ಕರು. ಅಧ್ಯಕ್ಷತೆ ವಹಿಸಿದ್ದ ಹಿರಿಯ ಅಧಿಕಾರಿ ಒಳ್ಳೆಯವರೇ. ಇಷ್ಟರ ಮೇಲೆ ರೈತನಿಗೆ ಬದುವಿನ ಪಕ್ಕದ ಪಟ್ಟಿ ಬಿಡು ಎಂದು ಹೇಗೆ ಹೇಳುವುದು, ಇನ್ನೊಂದು ಹಂಗಾಮು ನೋಡಿ ಎಂದರು. ಇನ್ನೊಂದು ಹಂಗಾಮಿಗೆ ಮುಖ್ಯಸ್ಥರು ಇರುವುದಿಲ್ಲ, ಅವರಿಲ್ಲದೆ ಈ ಕೆಲಸವೂ ಇರುವುದಿಲ್ಲ ಎಂಬುದು ಅಲ್ಲಿ ಎಲ್ಲರಿಗೂ ತಿಳಿದಿತ್ತು. ಪುಸ್ತಿಕೆ ಸಾಲಿಲ್ಲದೆಯೇ ಅಚ್ಚಾಯಿತು. ಬದುವಿನ ಅಂಚಿನವರೆಗೂ ಗುಳಿಗೆ ಬೀಳುವುದು ಮುಂದೆ ಎಷ್ಟೋ ವರ್ಷ ನಿಲ್ಲಲಿಲ್ಲ.

ಗೂಟ ಕೀಳಲು ಹೋಗುವ ಮೊದಲು ಮುಖ್ಯಸ್ಥರು ಒಂದು ಆಸೆ ಹೇಳಿದರು. ದೊಡ್ಡವ್ವನ ಬದುವಿನಲ್ಲಿ ಏನಾದರೂ ಉಳಿದಿದೆಯೇ ನೋಡಬೇಕು. ಈ ಸಲ ನುಚ್ಚು ಬೇಡ, ಬೋನೂ ಬೇಡ. ಮಣ್ಣಿನ ಗಡಿಗೆಗಳನ್ನು ಬಾಯಿಯವರೆಗೆ ಬದುವಿನಲ್ಲಿ ಹುಗಿದೆವು. ಬದುವಿನ ಮೇಲೆ ಓಡಾಡುವ ಪ್ರಾಣಿ ತಾನಾಗಿ ಒಳಗೆ ಬೀಳುತ್ತದೆ, ಆಸೆ ತೋರಿಸುವ ಅಗತ್ಯವಿಲ್ಲ. ಗದ್ದೆ ಕೊಯ್ಲಾಗಿತ್ತು, ಕೂಳೆ ಒಣಗುತ್ತಿತ್ತು. ದೊಡ್ಡವ್ವ ಗಡಿಗೆಗಳ ಸುತ್ತ ಮಣ್ಣು ಒತ್ತಿ ಕೊಟ್ಟಳು.

ಬೆಳಗ್ಗೆ ನೋಡಿದರೆ ಹಲವು ಗಡಿಗೆ ಖಾಲಿ, ಕೆಲವುಗಳಲ್ಲಿ ಜೀರುಂಡೆ. ಸುಂಡಿಲಿ ಒಂದೂ ಇಲ್ಲ. ಕೆರೆ ಕಡೆಯ ಗಡಿಗೆಯೊಂದರಲ್ಲಿ ಎರಡು ಗದ್ದೆಯಿಲಿಗಳಿದ್ದವು, ಆಚೆಯದರಲ್ಲಿ ಇನ್ನೊಂದು. ಮೂರೂ ಪೂರ್ತಿ ಬೆಳೆದವು. ಮಳೆಗಾಲದಿಂದಲೂ ಈ ಬದುವಿನಲ್ಲೇ ಇದ್ದವೇ ಇರಬೇಕು. ಚೀಲಕ್ಕೆ ಹಾಕಿಕೊಂಡು ಒಂದೊಂದರ ಕಾಲನ್ನೂ ಬಿಡಿಸಿ ನೋಡಿದೆ. ಒಂದು ನನ್ನ ಬೆರಳನ್ನು ರಕ್ತ ಬರುವಂತೆ ಕಚ್ಚಿತು. ಆ ವರ್ಷವೆಲ್ಲ ಒಂದು ಇಲಿಯೂ ನನ್ನನ್ನು ಹಾಗೆ ಕಚ್ಚಿರಲಿಲ್ಲ.

‘ಬೆರಳು ಎಲ್ಲಾ ಅದಾವ್ರಿ ಸರ್,’ ಎಂದೆ. ‘ಮೂರಕ್ಕೂ.’

ಅವರು ಹತ್ತಿರ ಬಂದು, ಕನ್ನಡಕ ಮೇಲೇರಿಸಿ, ಆ ಕಾಲುಗಳನ್ನು ಬಹಳ ಹೊತ್ತು ನೋಡಿದರು.

‘ಹಂಗಾರ ಇವು ಒಂದು ದಿನಾನೂ ನಮ್ಮ ಬೋನಿನಾಗ ಬಿದ್ದಿಲ್ಲ, ನಮ್ಮ ನುಚ್ಚು ತಿಂದಿಲ್ಲ,’ ಎಂದರು.

ನಾನು ರೂಢಿಯಂತೆ ಕತ್ತರಿ ಕೈಗೆ ತೆಗೆದುಕೊಂಡಿದ್ದೆ.

‘ಬ್ಯಾಡವ್ವಾ. ಗುರ್ತು ಹಾಕಬ್ಯಾಡ. ಬಿಟ್ಟುಬಿಡು.’